ಓದಿದ್ದು ನೆನಪಿನಲ್ಲಿ ಉಳಿಯದ ಮಕ್ಕಳಿಗೆ ಹೀಗೆ ನೆರವಾಗಿ

ಚಳ್ಳಕೆರೆ, ಹಿರಿಯೂರು ಭಾಗದಲ್ಲಿ ಶೇಂಗಾ ಕೀಳುವ ದಿನಗಳಲ್ಲಿ ಹೊಲದ ಕೆಲಸಕ್ಕಾಗಿ ತರಗತಿ ತಪ್ಪಿಸಿಕೊಂಡ ಮಗು, ಬಿಟ್ಟುಹೋದ ಪಾಠವನ್ನು ಮತ್ತೆ ಮತ್ತೆ ಓದಿಯೇ ಸರಿದೂಗಿಸಲು ಯತ್ನಿಸುತ್ತದೆ. ಹಾಗೆ ಓದಿದ್ದು ನೆನಪಿನಲ್ಲಿ ಉಳಿಯದಿದ್ದರೆ ಮಗುವನ್ನು ದಡ್ಡ ಎನ್ನುವುದು ಅನ್ಯಾಯ. ಮೊದಲು ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ. ಓದೇ ತಡವರಿಸುತ್ತಿದ್ದರೆ ಕೆಲವು ವಾರ ಸರಳ ಪಠ್ಯವನ್ನು ದಿನವೂ ಓದಿಸುವುದೇ ಮುಖ್ಯ ಕೆಲಸ.

ಓದು ಸರಾಗವಾಗಿದ್ದರೆ ಪುಸ್ತಕ ಮುಚ್ಚಿಸಿ, ನೆನಪಿರುವುದನ್ನು ಬರೆಯಿಸಿ. ವಾಣಿ ವಿಲಾಸ ಸಾಗರದ ಬಗ್ಗೆ ಓದಿದ್ದರೆ, ಅದು ಯಾವ ನದಿಯ ಅಣೆಕಟ್ಟು, ಆ ಕಣಿವೆಯನ್ನೇ ಏಕೆ ಆರಿಸಿಕೊಂಡರು ಎಂದು ಕೇಳಿ. ವೇದಾವತಿ ಎಂಬ ಹೆಸರು ತಕ್ಷಣ ಹೊಳೆಯದಿದ್ದರೆ ಸ್ವಲ್ಪ ಕಾಯಿರಿ, ಏಕೆಂದರೆ ನೆನಪಿಸಿಕೊಳ್ಳುವ ಆ ಪ್ರಯತ್ನವೇ ಕಲಿಕೆಯನ್ನು ಗಟ್ಟಿಗೊಳಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮರುಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ, ಮರುಓದುವ ಬದಲು ನೆನಪಿಸಿಕೊಂಡು ಬರೆದವರು ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಮಕ್ಕಳಿಗೆ ಹುಸಿ ಧೈರ್ಯ ಕೊಡುವುದು ಇದರಿಂದಲೇ ಎಂದು ನನಗನ್ನಿಸುತ್ತದೆ.

ಅದೇ ಪ್ರಶ್ನೆಗಳನ್ನು ಮರುದಿನ, ನಾಲ್ಕು ದಿನಗಳ ನಂತರ, ಮತ್ತೆ ವಾರ ಬಿಟ್ಟು ಕೇಳಿ. ಗಣಿತದಲ್ಲಿ ಬಿಡಿಸಿದ ಲೆಕ್ಕವೊಂದನ್ನು ಹಂತಹಂತವಾಗಿ ತೋರಿಸಿ, ಮುಂದಿನದರಲ್ಲಿ ಕೊನೆಯ ಹಂತವನ್ನಷ್ಟೇ ಮಗುವಿಗೆ ಬಿಡಿ. ಅಕ್ಷರ ಬಾರದ ತಾಯಿಯೂ ನೆರವಾಗಬಲ್ಲಳು: ರಾತ್ರಿ ಊಟದ ನಂತರ ‘ಇವತ್ತು ಏನು ಕಲಿತೆ, ನನಗೂ ತಿಳಿಯುವ ಹಾಗೆ ಹೇಳು’ ಎಂದು ಕೇಳಿ, ಮಾತು ತಡವರಿಸಿದ ಜಾಗವನ್ನು ಮಗುವಿನಿಂದಲೇ ಗುರುತು ಹಾಕಿಸಿ, ಮರುದಿನ ಶಿಕ್ಷಕರನ್ನು ಕೇಳಲು ಹೇಳಿದರೆ ಸಾಕು.