ಧೂಪದಾಳಕ್ಕೆ ಮನೆಮಂದಿಯನ್ನೆಲ್ಲ ಕರ್ಕೊಂಡು ಹಕ್ಕಿ ನೋಡೋಕೆ ಹೋಗೋದು

ಮಕ್ಕಳಿಗೆ ಹಕ್ಕಿ ತೋರಿಸೋಕೆ ಹೊರಟರೆ ಒಂದೇ ಹಕ್ಕಿಯನ್ನು ಹೊತ್ತು ಕೊಟ್ಟು ತೋರಿಸಿ. ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮಕ್ಕೆ ಮಕ್ಕಳು, ಅವ್ವ ಎಲ್ಲರನ್ನೂ ಕರ್ಕೊಂಡು ಹೋಗಿ ಬಂದು ನಾನು ಕಂಡುಕೊಂಡಿದ್ದು ಇದು.

ಬ್ರಿಟಿಷರ ಕಾಲದಲ್ಲಿ ಧೂಪದಾಳದ ಹತ್ತಿರ ಘಟಪ್ರಭಾ ನದಿಗೆ ಅಡ್ಡಗಟ್ಟೆ ಕಟ್ಟಿದರು. ಅದರ ಹಿನ್ನೀರಿನಲ್ಲೇ ಹಕ್ಕಿಗಳು ಇರೋದು, 1974ರಲ್ಲಿ ಇದನ್ನು ಪಕ್ಷಿಧಾಮ ಅಂತ ಘೋಷಿಸಿದರು. ಬೆಳಗಾವಿಯಿಂದ ಮಿರಜ ಕಡೆಯ ರೈಲು ಹತ್ತಿದರೆ ಘಟಪ್ರಭಾ ಸ್ಟೇಷನ್, ಅಲ್ಲಿಂದ ದೂರವಿಲ್ಲ. ಅವ್ವನಿಗೆ ಮಂಡಿನೋವು, ಹಾಗಾಗಿ ನಾವು ಕಾರಲ್ಲೇ ಹೋಗ್ತೀವಿ.

ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಸೂರ್ಯ ಬೆನ್ನಿಗೆ ಇರೋ ಹಾಗೆ ಕೂತ್ಕೊಳ್ಳಿ. ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತೆ, ಮಕ್ಕಳಿಗೆ ಬೇಜಾರು ಬರುತ್ತೆ.

ಬೈನಾಕ್ಯುಲರ್ ಎಂಟು ಪಟ್ಟು ದೊಡ್ಡದಾಗಿ ತೋರಿಸೋದು ಸಾಕು, ಜಾಸ್ತಿ ಪಟ್ಟಿನದಾದರೆ ಸಣ್ಣ ಕೈಯಲ್ಲಿ ಚಿತ್ರ ಅಲ್ಲಾಡುತ್ತೆ. ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ಹಿಡಿಯಬೇಕು, ಆಮೇಲೆ ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಇದನ್ನು ಮನೆ ಮಾಳಿಗೆ ಮೇಲೆ ಪಾರಿವಾಳ ನೋಡಿಸಿಯೇ ಕಲಿಸಿದ್ದೆ. ಅವ್ವನ ಥರ ಚಾಳೀಸು ಹಾಕೋರಿದ್ದರೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಹಿಂದಕ್ಕೆ ಮಡಚಿ ಕೊಡಿ, ಆಗ ಪೂರ್ತಿ ಕಾಣುತ್ತೆ.

ನಮ್ಮ ಮಕ್ಕಳಿಗೆ ನಾನು ಆರಿಸಿದ್ದು ನೀರುಕಾಗೆ. ಎಲ್ಲರೂ ಕೊಕ್ಕರೆ ಕಡೆ ಓಡ್ತಾರೆ, ಆದರೆ ಮಕ್ಕಳಿಗೆ ನೀರುಕಾಗೆಯಷ್ಟು ಒಳ್ಳೆ ಹಕ್ಕಿ ಇನ್ನೊಂದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮುಳುಗುತ್ತೆ, ಎಲ್ಲಿ ಏಳುತ್ತೆ ಅಂತ ಗೊತ್ತಾಗಲ್ಲ. ಮಗಳು ಉಸಿರು ಬಿಗಿಹಿಡಿದು ಕಾಯ್ತಿದ್ದಳು, ಅದು ದೂರದಲ್ಲಿ ಬಾಯಲ್ಲಿ ಮೀನು ಹಿಡ್ಕೊಂಡು ಎದ್ದಾಗ "ಆಯಿ, ಅಲ್ಲಿ ಎದ್ದೈತಿ ನೋಡು!" ಅಂತ ಅಜ್ಜಿಯ ಸೆರಗು ಜಗ್ಗಿದಳು. ಮೀನನ್ನು ಮೇಲಕ್ಕೆ ಚಿಮ್ಮಿ, ತಲೆ ಮುಂದಾಗುವಂತೆ ತಿರುಗಿಸಿಕೊಂಡು ನುಂಗಿತು. ಆಮೇಲೆ ಒಣಗಿದ ಕೊಂಬೆ ಮೇಲೆ ಕೂತು ಎರಡೂ ರೆಕ್ಕೆ ಬಿಚ್ಚಿ ನಿಂತಿತು. ಅವ್ವ ನೋಡಿ, "ಸೀರೆ ಹರವಿದಂಗ ಹರವ್ಯಾದ ನೋಡs" ಅಂದರು. ಅದರ ಗರಿ ಬಾತುಕೋಳಿ ಗರಿ ಹಾಗಲ್ಲ, ನೀರು ಹಿಡಿಯುತ್ತೆ. ಹಾಗೆ ನೆನೆಯೋದರಿಂದಲೇ ಸಲೀಸಾಗಿ ಮುಳುಗೋಕೆ ಆಗೋದು, ಅದಕ್ಕೇ ಮತ್ತೆ ಒಣಗಿಸಿಕೊಳ್ಳಲೇಬೇಕು. ಇಷ್ಟು ಹೇಳಿದ್ದಕ್ಕೆ ಮಕ್ಕಳ ಪ್ರಶ್ನೆಗಳು ಊಟದ ತನಕ ಮುಗಿಯಲಿಲ್ಲ.

ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಡೆಮೊಯಿಸೆಲ್ ಕ್ರೇನ್ ಅನ್ನೋ ಉದ್ದ ಕಾಲಿನ ಕ್ರೌಂಚ ಹಕ್ಕಿಗಳೂ ಇಲ್ಲಿಗೆ ಬರುತ್ತವೆ. ಅವು ಬೆಳಿಗ್ಗೆ ಕಾಳು ಹೆಕ್ಕೋಕೆ ಹೊಲಕ್ಕೆ ಹೋಗಿ, ಬಿಸಿಲೇರಿದಾಗ ನೀರಿನ ದಡಕ್ಕೆ ವಾಪಸ್ ಬರುತ್ತವೆ. ಹಾಗಾಗಿ ಬೇಗ ಕಾಣಲಿಲ್ಲ ಅಂತ ಎದ್ದು ಬರಬೇಡಿ. ಬಂದರೂ ಹತ್ತಿರ ಹೋಗಬೇಡಿ, ಅಷ್ಟು ದೂರ ಹಾರಿ ಬಂದವನ್ನು ಸುಮ್ನೆ ಎಬ್ಬಿಸೋದು ಅನ್ಯಾಯ ಅಲ್ವಾ?

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು. ಕುರುಕುಲು ಪಾಕೀಟು ಬೇಡ, ಗಾಳಿಗೆ ಹಾರಿ ನೀರಿಗೇ ಬೀಳುತ್ತವೆ.

ಗೋಕಾಕ ಫಾಲ್ಸ್ ಅಲ್ಲೇ ಹತ್ತಿರ, ಆದರೆ ಹಕ್ಕಿಯ ಸೀಸನ್‌ನಲ್ಲಿ ಅಲ್ಲಿ ನೀರು ಕಡಿಮೆ. ಅದಕ್ಕೆ ಜುಲೈ-ಆಗಸ್ಟ್‌ನಲ್ಲಿ ಬೇರೆಯಾಗೇ ಹೋಗಿ ಬನ್ನಿ.