ಇಬ್ಬರೇ ಇರುವ ದೋಣಿಯಲ್ಲಿ ಇಬ್ಬರಿಗೂ ಎಲ್ಲಾ ಕೆಲಸ ಬರಬೇಕು

ನಮ್ಮದು 26 ಅಡಿಯ ಹಾಯಿದೋಣಿ. ಇಬ್ಬರೂ ನಿವೃತ್ತರಾದ ಮೇಲೆ ಕೊಂಡದ್ದು. ಮೊದಲ ಎರಡು ವರ್ಷ ಕೆಲಸ ಹಂಚಿಕೊಂಡಿದ್ದೆವು. ಇಂಜಿನ್, ಹಾಯಿ, ಲಂಗರು ಇವರದು. ಚುಕ್ಕಾಣಿ, ನಕ್ಷೆ ನನ್ನದು. ಒಂದು ಮಧ್ಯಾಹ್ನ ಗಾಳಿ ಏರುತ್ತಿದ್ದಾಗ ಇವರು ಕಾಲು ಜಾರಿ ಬಿದ್ದರು. ಬಲಗೈ ಎತ್ತಲು ಆಗಲಿಲ್ಲ. ಹಾಯಿ ಚಿಕ್ಕದು ಮಾಡಬೇಕು, ನನಗೋ ಯಾವ ಹಗ್ಗ ಮೊದಲು ಬಿಡಬೇಕು ಅಂತಲೇ ಗೊತ್ತಿಲ್ಲ. ಇವರು ನೋವಿನಲ್ಲೇ ಒಂದೊಂದಾಗಿ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು.

ಅಂದಿನಿಂದ ಕೆಲಸ ಅದಲುಬದಲು ಮಾಡುತ್ತೇವೆ. ಈ ಸಲ ಇವರು ಮಾಡಿದ್ದನ್ನು ಮುಂದಿನ ಸಲ ನಾನು ಮಾಡುತ್ತೇನೆ. ಪಕ್ಕದಲ್ಲಿ ಕೂತವರು ಕೈ ಹಾಕುವ ಹಾಗಿಲ್ಲ. ನಿಮ್ಮದೂ ಇಬ್ಬರದೇ ಸಂಸಾರದ ದೋಣಿಯಾದರೆ ಹೀಗೇ ಶುರು ಮಾಡಿ.

ನೀರಿನ ಮಟ್ಟದ ಕೆಳಗಿರುವ ಪೈಪಿನ ತೂತುಗಳನ್ನು ಮೊದಲು ನೋಡಿ. ದೋಣಿಯ ಮೈಯಲ್ಲಿ ಎಷ್ಟು ತೂತಿವೆ, ಪ್ರತಿಯೊಂದನ್ನು ಮುಚ್ಚುವ ಕವಾಟ, ಅಂದರೆ ಸೀಕಾಕ್, ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಒಳಗೆ ಅಂಟಿಸಿ. ಕತ್ತಲಲ್ಲೂ ಇಬ್ಬರ ಕೈಗೂ ಸಿಗಬೇಕು. ಸೀಕಾಕ್ ಅನ್ನು ತಿಂಗಳಿಗೊಮ್ಮೆಯಾದರೂ ಮುಚ್ಚಿ ತೆರೆಯಿರಿ. ಸುಮ್ನೆ ಬಿಟ್ಟರೆ ಹಿಡಿದುಕೊಳ್ಳುತ್ತದೆ, ಬೇಕಾದಾಗ ಅಲುಗಾಡುವುದಿಲ್ಲ. ಪ್ರತಿ ಸೀಕಾಕ್‌ಗೂ ಅದರ ಅಳತೆಯ ಮೆತ್ತನೆ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ. ಪೈಪ್ ಕಳಚಿದರೆ ಅದನ್ನೇ ತೂತಿಗೆ ಬಡಿದು ಮುಚ್ಚಬಹುದು. ಪೈಪಿನ ಕ್ಲಿಪ್‌ಗಳನ್ನು ಕೈಗನ್ನಡಿ ಹಿಡಿದು ಹಿಂಬದಿಯಿಂದಲೂ ನೋಡಿ. ನಮ್ಮ ಒಂದು ಕ್ಲಿಪ್ ಮೇಲೆ ಹೊಳೆಯುತ್ತಿತ್ತು, ಅಡಿಯಲ್ಲಿ ತುಕ್ಕು ಹಿಡಿದು ಪುಡಿಯಾಗಿತ್ತು. ಅಲ್ಲಿ ಈಗ ಎರಡೆರಡು ಕ್ಲಿಪ್ ಹಾಕಿದ್ದೇವೆ.

ದೋಣಿ ಉಪ್ಪುನೀರಿನಲ್ಲಿದ್ದರೆ ಆನೋಡ್ ಎಂಬ ಸತುವಿನ ತುಂಡನ್ನು ಮರೆಯಬೇಡಿ. ಪ್ರೊಪೆಲ್ಲರ್ ಸವೆಯುವ ಬದಲು ಅದು ಸವೆಯುತ್ತದೆ. ಅರ್ಧ ಕರಗಿದ್ದರೆ ಬದಲಾಯಿಸಿ. ಅದಕ್ಕೆ ಬಣ್ಣ ಹಚ್ಚಬಾರದು, ಹಚ್ಚಿದರೆ ಕೆಲಸವನ್ನೇ ಮಾಡುವುದಿಲ್ಲ.

ಹಾಯಿಯ ಕಂಬ ಹಿಡಿದಿರುವ ತಂತಿಗಳ ಮೇಲೆ ತೆಳು ಬಟ್ಟೆ ಆಡಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ಕಡಿದಿದೆ ಅಂತ ಅರ್ಥ. ಒಂದೇ ಎಳೆ ತಾನೇ ಅಂತ ಬಿಡಬೇಡಿ, ಆ ತಂತಿ ಬದಲಾಗಲೇಬೇಕು. ಬರಿಗೈ ಆಡಿಸಬೇಡಿ, ಸಿಗಿದುಬಿಡುತ್ತದೆ. ತಂತಿ ತುದಿಯ ಲೋಹದ ಹಿಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ಅಂತ ಭೂತಗನ್ನಡಿಯಲ್ಲಿ ನೋಡುವ ಕೆಲಸ ನನಗೆ ತುಂಬಾ ಇಷ್ಟ.

ಹಾಯಿಯ ಶತ್ರು ಗಾಳಿಗಿಂತ ಜಾಸ್ತಿ ಬಿಸಿಲು. ಸಾಮಾನ್ಯವಾಗಿ ಬಟ್ಟೆಗಿಂತ ಮೊದಲು ಹೊಲಿಗೆ ಸಾಯುತ್ತದೆ. ಉಗುರಿನಿಂದ ಕೆರೆದಾಗ ದಾರ ಕಿತ್ತುಬಂದರೆ ಮತ್ತೆ ಹೊಲಿಸಿ. ದಿನದ ಓಡಾಟ ಮುಗಿದ ತಕ್ಷಣ ಹೊದಿಕೆ ಹಾಕಿ.

ಇಂಜಿನ್ ಚಾಲೂ ಆದ ಕೂಡಲೇ ಹಿಂದೆ ಬಗ್ಗಿ ನೋಡಿ. ಹೊಗೆಯ ಜೊತೆ, ಇಂಜಿನ್ ತಂಪು ಮಾಡಿದ ನೀರನ್ನು ಉಗುಳುತ್ತಿರಬೇಕು. ಇಲ್ಲದಿದ್ದರೆ ತಕ್ಷಣ ಆಫ್ ಮಾಡಿ. ಮೊದಲು ಸೀಕಾಕ್ ತೆರೆದಿದೆಯೇ ನೋಡಿ, ಆಮೇಲೆ ನೀರು ಸೋಸುವ ಜಾಲರಿ, ಆಮೇಲೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್. ಅದನ್ನು ನಾವು ವರ್ಷಕ್ಕೊಮ್ಮೆ ಬದಲಾಯಿಸುತ್ತೇವೆ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರನ್ನೂ ಹುಡುಕಿ ತೆಗೆಯಬೇಕು, ಮುಂದೆ ಹೋಗಿ ಕಟ್ಟಿಕೊಳ್ಳುತ್ತದೆ. ಸೀಸದ ಬ್ಯಾಟರಿ ಪೂರ್ತಿ ತುಂಬಿದ್ದರೆ, ವಿಶ್ರಾಂತಿಯಲ್ಲಿದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದರೆ ಅರ್ಧ ಖಾಲಿ. ಅದಕ್ಕಿಂತ ಕೆಳಗಿಳಿಸಬೇಡಿ.

ಈಗ ನಾನು ಅಂದು ಕಲಿಯಬೇಕಾಗಿ ಬಂದ ಪಾಠ, ರೀಫ್ ಹಾಕುವುದು, ಅಂದರೆ ಹಾಯಿ ಚಿಕ್ಕದು ಮಾಡುವುದು. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. 10 ನಾಟ್, ಅಂದರೆ ಗಂಟೆಗೆ ಸುಮಾರು 18.5 ಕಿ.ಮೀ. ಗಾಳಿಯಲ್ಲಿ ಹಾಯಾಗಿದ್ದ ದೋಣಿ 20 ನಾಟ್‌ನಲ್ಲಿ ಬೇರೆಯೇ ದೋಣಿ. 'ರೀಫ್ ಹಾಕೋಣವಾ' ಅಂತ ಇಬ್ಬರಲ್ಲಿ ಒಬ್ಬರಿಗೆ ಅನ್ನಿಸಿದರೂ ಹಾಕಬೇಕು, ಚರ್ಚೆಯಿಲ್ಲ. ನಮ್ಮ ದೋಣಿಯಲ್ಲಿ ಕ್ರಮ ಹೀಗಿದೆ. ಹಾಯಿಯನ್ನು ಒಳಕ್ಕೆ ಎಳೆಯುವ ಹಗ್ಗವಾದ ಶೀಟ್ ಸಡಿಲಿಸಿ ದೊಡ್ಡ ಹಾಯಿಯ ಗಾಳಿ ಬಿಡಿ. ಬೂಮ್, ಅಂದರೆ ಹಾಯಿಯ ಬುಡದ ಅಡ್ಡಕೋಲು, ತಲೆಯ ಮೇಲೆ ಬೀಳದಂತೆ ಅದನ್ನು ಮೇಲಿನಿಂದ ಹಿಡಿಯುವ ಹಗ್ಗವಾದ ಟಾಪಿಂಗ್ ಲಿಫ್ಟ್ ಬಿಗಿ ಮಾಡಿ. ಹಾಯಿ ಏರಿಸುವ ಹಗ್ಗವಾದ ಹಾಲ್ಯಾರ್ಡ್ ಅನ್ನು ಗುರುತಿನವರೆಗೆ ಇಳಿಸಿ, ಹಾಯಿಯ ಮುಂಬದಿಯ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ. ಹಾಲ್ಯಾರ್ಡ್ ಮತ್ತೆ ಬಿಗಿ ಮಾಡಿ. ಆಮೇಲೆ ಹಾಯಿಯ ಹಿಂಬದಿಯ ರೀಫ್ ಹಗ್ಗ ಎಳೆದು ಕಟ್ಟಿ. ಟಾಪಿಂಗ್ ಲಿಫ್ಟ್ ಸಡಿಲಿಸಿ, ಕೊನೆಗೆ ಶೀಟ್ ಎಳೆಯಿರಿ. ಹಾಲ್ಯಾರ್ಡ್ ಮೇಲಿನ ಗುರುತನ್ನು ನಾನೇ ಕೆಂಪು ದಾರದಲ್ಲಿ ಹೊಲಿದೆ, ಮುಟ್ಟಿದರೂ ಗೊತ್ತಾಗಲಿ ಅಂತ. ಗಾಳಿ ಕಡಿಮೆ ಇರುವ ದಿನ ಹತ್ತು ಸಲ ಅಭ್ಯಾಸ ಮಾಡಿ, ಒಬ್ಬರೇ.

ಇನ್ನೊಂದು ಮಾತು ಹೇಳಲು ಕಷ್ಟ, ಆದರೂ ಹೇಳಬೇಕು. ಇಬ್ಬರಲ್ಲಿ ಒಬ್ಬರು ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿಯುವುದು ಒಬ್ಬರೇ. ಹತ್ತಿರ ತಂದರೂ, ಒದ್ದೆ ಬಟ್ಟೆಯ ದೊಡ್ಡ ಮನುಷ್ಯನನ್ನು ಮೇಲೆತ್ತಲು ನನ್ನ ತೋಳಿನಲ್ಲಿ ಬಲವಿಲ್ಲ. ಅದಕ್ಕೇ ಬೀಳದಿರುವುದೇ ಮೊದಲ ಕೆಲಸ. ಡೆಕ್ ಉದ್ದಕ್ಕೂ ಪಟ್ಟಿ ಹಾಕಿ, ಮುಂದಕ್ಕೆ ಹೋಗುವವರು ಅದಕ್ಕೆ ಕೊಕ್ಕೆ ಸಿಕ್ಕಿಸಿಕೊಂಡೇ ಹೋಗಬೇಕು. ನಾವು ನಾಲ್ಕು ಸುತ್ತಿನ ರಾಟೆ ಹಗ್ಗವೊಂದನ್ನೂ ಸಿದ್ಧವಾಗಿಟ್ಟಿದ್ದೇವೆ. ಅದರಲ್ಲಿ ಇವರನ್ನು ಒಮ್ಮೆ ಶಾಂತ ನೀರಿನಿಂದ ನಿಜವಾಗಿ ಎತ್ತಿ ನೋಡಿದ್ದೇನೆ. ರೇಡಿಯೋದ 16ನೇ ಚಾನೆಲ್‌ನಲ್ಲಿ ಪ್ರಾಣಾಪಾಯದ ಕರೆಯಾದ ಮೇಡೇ ಕರೆಯುವುದು ಹೇಗೆಂದು ಇಬ್ಬರಿಗೂ ಬಾಯಿಪಾಠವಿದೆ.

ಲಂಗರು ಹಾಕುವಾಗ ಕೂಗಾಡಬೇಡಿ. ಇಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ, ಮನಸ್ಸೂ ಕೆಡುತ್ತದೆ. ಕೈಸನ್ನೆ ಗೊತ್ತು ಮಾಡಿಕೊಳ್ಳಿ. ಸರಪಳಿ ಎಷ್ಟು ಬಿಡಬೇಕೆಂಬ ಲೆಕ್ಕ ಸುಲಭ. ಈಗಿನ ಆಳ 4 ಮೀಟರ್, ಉಬ್ಬರ ಇನ್ನೂ 2 ಮೀಟರ್ ಏರುತ್ತದೆ, ದೋಣಿಯ ಮೂತಿ ನೀರಿನಿಂದ 1 ಮೀಟರ್ ಎತ್ತರ. ಒಟ್ಟು 7. ಪೂರ್ತಿ ಸರಪಳಿಯಾದರೆ ಐದರಷ್ಟು, ಅಂದರೆ 35 ಮೀಟರ್. ಹಗ್ಗವೇ ಜಾಸ್ತಿ ಇದ್ದರೆ ಏಳರಷ್ಟು. ಆಮೇಲೆ ಇಂಜಿನ್ ಅನ್ನು ನಿಧಾನಕ್ಕೆ ಹಿಂದಕ್ಕೆ ಓಡಿಸಿ ಲಂಗರು ಕಚ್ಚಿದೆಯೇ ನೋಡಿ. ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತು ಹಿಡಿಯಿರಿ, ಒಂದು ಮರ, ಅದರ ಹಿಂದೆ ದೀಪದ ಕಂಬ, ಹೀಗೆ. ಅವು ಸಾಲು ತಪ್ಪಿದರೆ ದೋಣಿ ಸರಿದಿದೆ ಅಂತ ಅರ್ಥ. ರಾತ್ರಿಯೂ ಕಾಣುವಂಥದ್ದಾದರೆ ಒಳ್ಳೆಯದು. ನಮ್ಮಲ್ಲಿ ನಡುರಾತ್ರಿ ಎಚ್ಚರವಾದವರು ಅದನ್ನು ನೋಡಿಯೇ ಮತ್ತೆ ಮಲಗುವುದು. ಗಾಳಿ ದಿಕ್ಕು ಬದಲಿಸಿದ್ದರೆ ದೋಣಿಯೂ ತಿರುಗಿರುತ್ತದೆ. ಆಗ ಇನ್ನೊಬ್ಬರನ್ನೂ ಎಬ್ಬಿಸಿ, ಆಳ ನೋಡಿ, ಹೊಸ ಗುರುತು ತೋರಿಸಿಕೊಡಬೇಕು.