ಇಂದಿನ ಏಷ್ಯಾವನ್ನು ಅರಿಯಲು ಒಂದು ಗಡಿಯಿಂದ ಆರಂಭಿಸಿ

ಏಷ್ಯಾದ ಚರಿತ್ರೆಯನ್ನು ಓದಲು ಹೊರಟವರಲ್ಲಿ ಅನೇಕರು ಪ್ರಾಚೀನ ರಾಜವಂಶಗಳಿಂದ ಆರಂಭಿಸಿ, ಮಂಗೋಲರ ಕಾಲಕ್ಕೆ ಬರುವಷ್ಟರಲ್ಲಿ ಕೈಚೆಲ್ಲುತ್ತಾರೆ. ಸಿರಿಯಾದಿಂದ ಜಪಾನಿನವರೆಗೆ ಹಬ್ಬಿರುವ ಭೂಖಂಡಕ್ಕೆ ಒಂದೇ ಕಥೆ ಇರಲು ಸಾಧ್ಯವಿಲ್ಲವಾದ್ದರಿಂದ, ಆದಿಯಿಂದ ಅಂತ್ಯದವರೆಗೆ ಓದುವ ಹಟವನ್ನು ಮೊದಲು ಬಿಡಬೇಕು. ಇಂದು ಸುದ್ದಿಯಲ್ಲಿರುವ ಒಂದು ಜಾಗವನ್ನು ಆರಿಸಿಕೊಂಡು, ಅಲ್ಲಿಂದ ಹಿಂದಿನ ಕಾಲಕ್ಕೆ ಹೆಜ್ಜೆ ಹಾಕುತ್ತ, ಆ ಜಾಗದ ಮೇಲೆ ಹಕ್ಕು ಹೇಳುವ ಎರಡೂ ಕಡೆಯವರ ಮಾತನ್ನು ಓದುವುದೇ ಹೆಚ್ಚು ಫಲ ಕೊಡುವ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲ ಅಭ್ಯಾಸಕ್ಕೆ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವಿನ ಪ್ರೇಹ್ ವಿಹಾರ್ ದೇವಾಲಯವನ್ನು ತೆಗೆದುಕೊಳ್ಳಿ. ಇತಿಹಾಸ, ರಾಜಕಾರಣ, ಸಂಸ್ಕೃತಿ ಮೂರೂ ಇಷ್ಟು ಬಿಗಿಯಾಗಿ ಹೆಣೆದುಕೊಂಡಿರುವ ಸ್ಥಳ ಸುಲಭವಾಗಿ ಸಿಗುವುದಿಲ್ಲ. ಡಾಂಗ್ರೆಕ್ ಬೆಟ್ಟಸಾಲಿನ ಕಡಿದಾದ ಅಂಚಿನಲ್ಲಿರುವ ಈ ಶಿವಾಲಯದ ಮುಖ್ಯ ಭಾಗಗಳು 11ನೇ ಶತಮಾನದ ಮೊದಲ ಅರ್ಧದಲ್ಲಿ ಅಂದು ಕಾಂಬೋಡಿಯಾವನ್ನು ಆಳುತ್ತಿದ್ದ ಖ್ಮೇರ್ ಅರಸರ ಆಶ್ರಯದಲ್ಲಿ ನಿರ್ಮಾಣಗೊಂಡವು; ಸುಮಾರು 800 ಮೀಟರ್ ಉದ್ದಕ್ಕೆ ಮೆಟ್ಟಿಲುಗಳೂ ಮಂಟಪಗಳೂ ಒಂದರ ಹಿಂದೊಂದು ಏರುತ್ತ ಹೋಗುತ್ತವೆ. ಮೊದಲಿಗೆ ಭೂಮಿಯ ಏರಿಳಿತ ತೋರಿಸುವ ನಕ್ಷೆಯಲ್ಲಿ ಇದನ್ನು ಹುಡುಕಿ. ದೇವಾಲಯದ ಮೆಟ್ಟಿಲುಗಳು ಉತ್ತರಕ್ಕೆ, ಅಂದರೆ ಇಂದಿನ ಥಾಯ್ಲೆಂಡಿನ ಕಡೆಗೆ, ಇಳಿಜಾರಿನಲ್ಲಿ ಸಾಗುತ್ತವೆ. ಕಾಂಬೋಡಿಯಾದ ಬಯಲಿರುವ ದಕ್ಷಿಣದಲ್ಲಿ ಪ್ರಪಾತವಿದೆ. ಒಂದು ದೇಶದಿಂದ ಹತ್ತುವುದು ಸುಲಭವಾಗಿದ್ದು, ಒಡೆತನ ಇನ್ನೊಂದು ದೇಶದ್ದಾಗಿರುವುದು ಏಕೆಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಉತ್ತರವಿರುವುದು ವಸಾಹತು ಕಾಲದ ಕಡತಗಳಲ್ಲಿ. 1904ರಲ್ಲಿ ಕಾಂಬೋಡಿಯಾವನ್ನು ತನ್ನ ಅಧೀನದಲ್ಲಿಟ್ಟುಕೊಂಡಿದ್ದ ಫ್ರಾನ್ಸ್ ಮತ್ತು ಸಿಯಾಮ್ (ಥಾಯ್ಲೆಂಡಿನ ಹಳೆಯ ಹೆಸರು) ಮಾಡಿಕೊಂಡ ಒಪ್ಪಂದದ ಪ್ರಕಾರ, ಇಲ್ಲಿ ಮಳೆನೀರು ಎರಡು ದಿಕ್ಕಿಗೆ ಹಂಚಿಹೋಗುವ ಬೆಟ್ಟದ ನೆತ್ತಿಯೇ ಗಡಿಯಾಗಬೇಕಿತ್ತು. ಆದರೆ 1907ರ ಹೊತ್ತಿಗೆ ಫ್ರೆಂಚ್ ಅಧಿಕಾರಿಗಳು ತಯಾರಿಸಿದ ನಕ್ಷೆಯಲ್ಲಿ ದೇವಾಲಯ ಕಾಂಬೋಡಿಯಾದ ಪಾಲಿಗೆ ಬಂದಿತು. 1930ರಲ್ಲಿ ಸಿಯಾಮಿನ ರಾಜಕುಮಾರ ಡಾಮ್ರೊಂಗ್ ಅಲ್ಲಿಗೆ ಭೇಟಿ ನೀಡಿದಾಗ, ಫ್ರೆಂಚ್ ಧ್ವಜ ಹಾರುತ್ತಿದ್ದ ಆ ಸ್ಥಳದಲ್ಲಿ ಫ್ರೆಂಚ್ ಅಧಿಕಾರಿಯೇ ಅವರನ್ನು ಸ್ವಾಗತಿಸಿದನು. ಸಿಯಾಮ್ ಅದಕ್ಕೆ ಆಕ್ಷೇಪವೆತ್ತಲಿಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯವು 1962ರ ಜೂನ್ 15ರಂದು ದೇವಾಲಯ ಕಾಂಬೋಡಿಯಾಕ್ಕೆ ಸೇರಿದ್ದೆಂದು 9–3ರ ಬಹುಮತದಿಂದ ತೀರ್ಪಿತ್ತಾಗ, ಆ ಮೌನವೂ ನಕ್ಷೆಯನ್ನು ದಶಕಗಳ ಕಾಲ ಪ್ರಶ್ನಿಸದೆ ಉಳಿದದ್ದೂ ನಿರ್ಣಾಯಕವಾದವು. ಈ ತೀರ್ಪು ಉಚಿತವಾಗಿ ಓದಲು ಸಿಗುತ್ತದೆ. ಬಹುಮತದ ಭಾಗವನ್ನಷ್ಟೇ ಓದಿ ನಿಲ್ಲಿಸದೆ, ಒಪ್ಪದ ಮೂವರು ನ್ಯಾಯಾಧೀಶರ ಅಭಿಪ್ರಾಯವನ್ನೂ ಓದಿ. ಥಾಯ್ಲೆಂಡಿನಲ್ಲಿ ಇಂದಿಗೂ ಈ ವಿಷಯ ಏಕೆ ಆರಿಲ್ಲವೆಂಬುದನ್ನು ತಿಳಿಯಲು ಅದು ಸಹಾಯ ಮಾಡುತ್ತದೆ.

ಇನ್ನು ವರ್ತಮಾನಕ್ಕೆ ಬನ್ನಿ. ಗಡಿ ವಿವಾದವೊಂದು ಬಿಸಿಯಾದಾಗಲೆಲ್ಲ ಎರಡೂ ರಾಜಧಾನಿಗಳ ಒಳರಾಜಕೀಯವನ್ನು ಗಮನಿಸುವ ರೂಢಿ ಮಾಡಿಕೊಳ್ಳಬೇಕು. 2008ರ ಜುಲೈನಲ್ಲಿ ದೇವಾಲಯ ಯುನೆಸ್ಕೊದ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದಾಗ, ಕಾಂಬೋಡಿಯಾದಲ್ಲಿ ಅದೇ ತಿಂಗಳು ಸಾರ್ವತ್ರಿಕ ಚುನಾವಣೆಯಿತ್ತು. ಥಾಯ್ಲೆಂಡಿನಲ್ಲಿ ಪಟ್ಟಿ ಸೇರ್ಪಡೆಯನ್ನು ಬೆಂಬಲಿಸಿದ್ದಕ್ಕಾಗಿ ವಿದೇಶಾಂಗ ಸಚಿವರು ರಾಜೀನಾಮೆ ಕೊಡಬೇಕಾಯಿತು. 2025ರ ಜುಲೈನಲ್ಲಿ ಇದೇ ಗಡಿಯುದ್ದಕ್ಕೂ ಮತ್ತೆ ಕಾಳಗ ನಡೆದು ಎರಡೂ ಕಡೆ ಜನ ಸತ್ತರು. ಕಾಂಬೋಡಿಯಾದ ಹಿರಿಯ ನಾಯಕ ಹುನ್ ಸೆನ್ ಅವರೊಂದಿಗೆ ನಡೆಸಿದ ದೂರವಾಣಿ ಮಾತುಕತೆ ಬಯಲಾದ ಕಾರಣಕ್ಕೆ ಥಾಯ್ ಪ್ರಧಾನಿ ಪೇಟೊಂಗ್‌ಟಾರ್ನ್ ಶಿನಾವತ್ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಆದೇಶದಿಂದ ಅಧಿಕಾರ ಕಳೆದುಕೊಂಡರು. ಕಲ್ಲಿನ ಕಟ್ಟಡವೊಂದರ ಚರಿತ್ರೆ ಓದಲು ಹೋದವರು ಸೇನೆ, ನ್ಯಾಯಾಲಯ ಮತ್ತು ಚುನಾಯಿತ ಸರ್ಕಾರಗಳ ನಡುವಿನ ಜಗ್ಗಾಟಕ್ಕೆ ಹೀಗೆ ಬಂದು ಮುಟ್ಟುತ್ತಾರೆ.

ಎರಡನೆಯ ಅಭ್ಯಾಸವಾಗಿ ರಾಷ್ಟ್ರೀಯ ದಿನಗಳ ಒಂದು ಪಟ್ಟಿ ಮಾಡಿ, ಒಂದೊಂದು ದಿನವನ್ನು ಯಾರು ಹೇಗೆ ಆಚರಿಸುತ್ತಾರೆಂದು ಎದುರಿಗೆ ಬರೆಯಿರಿ. ಆಗಸ್ಟ್ 15 ನಮಗೆ ಸ್ವಾತಂತ್ರ್ಯದ ದಿನ. 1910ರಿಂದ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ಎರಡೂ ಭಾಗಗಳಿಗೆ ವಿಮೋಚನೆಯ ದಿನ. ಜಪಾನಿಗೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಇಂಡೋನೇಷ್ಯಾ ತನ್ನ ಸ್ವಾತಂತ್ರ್ಯವನ್ನು 1945ರ ಆಗಸ್ಟ್ 17ರಿಂದ ಎಣಿಸಿದರೆ, ನೆದರ್‌ಲೆಂಡ್ಸ್ ಅಧಿಕಾರ ಹಸ್ತಾಂತರಿಸಿದ್ದು 1949ರ ಡಿಸೆಂಬರ್ 27ರಂದು. ಈ ಎರಡು ದಿನಾಂಕಗಳ ನಡುವೆ ನಾಲ್ಕು ವರ್ಷಗಳ ರಕ್ತಸಿಕ್ತ ಯುದ್ಧವಿದೆ. ವಿಯೆಟ್ನಾಮ್ ಏಪ್ರಿಲ್ 30ನ್ನು ದೇಶ ಒಂದಾದ ಹಬ್ಬವಾಗಿ ಆಚರಿಸುವಾಗ, 1975ರ ನಂತರ ದೇಶ ತೊರೆದು ಅಮೆರಿಕದಲ್ಲಿ ನೆಲೆಸಿದ ಅನೇಕ ವಿಯೆಟ್ನಾಮೀ ಕುಟುಂಬಗಳು ಅಂದು ಶೋಕಾಚರಣೆ ಮಾಡುತ್ತವೆ. ಇವುಗಳಲ್ಲಿ ಯಾವುದು ಸರಿಯೆಂದು ತೀರ್ಪು ಕೊಡುವ ಆತುರ ಬೇಡ. ಎರಡು ನೆನಪುಗಳೂ ಇಂದಿನ ಮತದಾರರನ್ನೂ ಸರ್ಕಾರಗಳನ್ನೂ ನಡೆಸುತ್ತಿವೆ ಎಂಬುದೇ ಇಲ್ಲಿ ಕಲಿಯಬೇಕಾದ ವಿಷಯ.

ಸಂಸ್ಕೃತಿಯ ವಿಷಯಕ್ಕೆ ಬಂದಾಗ ಕನ್ನಡದ ಓದುಗರು ವಿಶೇಷವಾಗಿ ಎಚ್ಚರದಿಂದಿರಬೇಕು. ಆಗ್ನೇಯ ಏಷ್ಯಾದಲ್ಲಿ ರಾಮಾಯಣ ಕಂಡ ತಕ್ಷಣ ‘ನಮ್ಮದೇ’ ಎಂದು ಹೇಳಿ ಮುಂದೆ ಸಾಗಿದರೆ, ಅಲ್ಲಿಯ ಜನ ಅದನ್ನು ಏನಾಗಿ ಬೆಳೆಸಿಕೊಂಡರೆಂಬುದು ಕಾಣದೆಯೇ ಹೋಗುತ್ತದೆ. ಥಾಯ್ ರಾಮಕಿಯನ್‌ನ ಹನುಮಂತ ಬ್ರಹ್ಮಚಾರಿಯಲ್ಲ, ಹಲವು ಹೆಣ್ಣುಗಳನ್ನು ಒಲಿಸಿಕೊಂಡ ರಸಿಕ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಜಾವಾದಲ್ಲಿ ಎಮ್ಮೆಯ ಚರ್ಮದ ವಯಾಂಗ್ ಗೊಂಬೆಗಳು ಪಾಂಡವರ ಕಥೆಯನ್ನು ರಾತ್ರಿಯಿಡೀ ಆಡುತ್ತವೆ. ಅಲ್ಲಿ ಅರ್ಜುನನಿಗೆ ಬುದ್ಧಿ ಹೇಳುವ ಡೊಳ್ಳುಹೊಟ್ಟೆಯ ಸೆಮಾರ್ ಎಂಬ ಸೇವಕ ಮೂಲ ಮಹಾಭಾರತದಲ್ಲಿಲ್ಲ. ಒಂದೇ ಪ್ರಸಂಗವನ್ನು ಆರಿಸಿ, ಅದರ ಎರಡು ದೇಶಗಳ ಪ್ರದರ್ಶನಗಳ ವಿಡಿಯೊ ಮುದ್ರಿಕೆಯನ್ನು ನೋಡಿ, ಯಾರು ಆಡುತ್ತಾರೆ, ಯಾರ ಖರ್ಚಿನಲ್ಲಿ, ಯಾವ ಸಂದರ್ಭದಲ್ಲಿ ಎಂದು ಗುರುತಿಸಿಕೊಳ್ಳಿ. ಬ್ಯಾಂಕಾಕಿನ ಅರಮನೆಯ ಆವರಣದ ದೇವಾಲಯದ ಗೋಡೆಗಳಲ್ಲಿ ರಾಮಕಿಯನ್‌ನ 178 ಚಿತ್ರಗಳಿವೆ. 1782ರಿಂದ ಆಳುತ್ತಿರುವ ಚಕ್ರಿ ವಂಶದ ದೊರೆಗಳು ರಾಮನ ಹೆಸರಿನಿಂದಲೇ ಎಣಿಸಲ್ಪಡುತ್ತಾರೆ. ಅದೇ ದೇಶದಲ್ಲಿ ರಾಜನನ್ನು ನಿಂದಿಸಿದರೆ ದಂಡಸಂಹಿತೆಯ 112ನೇ ಕಲಮಿನಡಿ 3ರಿಂದ 15 ವರ್ಷ ಸೆರೆವಾಸವಿದೆ. 2020ರಲ್ಲಿ ಬೀದಿಗಿಳಿದ ವಿದ್ಯಾರ್ಥಿಗಳು ಆ ಕಾನೂನನ್ನೇ ಪ್ರಶ್ನಿಸಿದರು.

ಆಕರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಸಂವಿಧಾನದ ಪ್ರಸ್ತಾವನೆ, ಶಾಲಾ ಪಠ್ಯಪುಸ್ತಕ, ಎರಡೂ ದೇಶಗಳ ಪತ್ರಿಕೆಗಳು ಇದ್ದರೆ ಆರಂಭಕ್ಕೆ ಸಾಕು, ಯಂತ್ರಾನುವಾದದಲ್ಲಿ ಓದಿದರೂ ಅಡ್ಡಿಯಿಲ್ಲ. ಆದರೆ ಪತ್ರಿಕೆ ಯಾರ ಒಡೆತನದ್ದು, ಅಲ್ಲಿ ಏನನ್ನು ಬರೆಯುವಂತಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಈ ಕ್ರಮ ಕೈಗೆ ಒಗ್ಗಿದ ಮೇಲೆ ಪೂರ್ಣವಾಗಿ ಅಪರಿಚಿತವಾದ ಪ್ರದೇಶವೊಂದರಲ್ಲಿ ಅದನ್ನು ಪರೀಕ್ಷಿಸಿ. ಮಧ್ಯ ಏಷ್ಯಾದ ಫರ್ಗಾನಾ ಕಣಿವೆ ಅದಕ್ಕೆ ತಕ್ಕ ಸ್ಥಳ. ಬಾಬರ್ ಹುಟ್ಟಿದ ಈ ಕಣಿವೆಯನ್ನು 1924ರಿಂದ ಸೋವಿಯತ್ ಆಡಳಿತ ಗೆರೆಗಳನ್ನೆಳೆದು ಹಂಚಿತು. 1991ರಲ್ಲಿ ಆ ಆಂತರಿಕ ಗೆರೆಗಳೇ ಉಜ್ಬೇಕಿಸ್ತಾನ್, ಕಿರ್ಗಿಸ್ತಾನ್, ತಜಿಕಿಸ್ತಾನ್‌ಗಳ ಅಂತಾರಾಷ್ಟ್ರೀಯ ಗಡಿಗಳಾದವು. ನೀರು ಮತ್ತು ರಸ್ತೆಗಳ ಜಗಳ 2021 ಹಾಗೂ 2022ರಲ್ಲಿ ಕಿರ್ಗಿಸ್ತಾನ್ ಮತ್ತು ತಜಿಕಿಸ್ತಾನ್ ನಡುವೆ ಶಸ್ತ್ರಸಂಘರ್ಷಕ್ಕೆ ತಿರುಗಿತು; 2025ರ ಮಾರ್ಚ್‌ನಲ್ಲಿ ಆ ಎರಡು ದೇಶಗಳು ಗಡಿ ಒಪ್ಪಂದಕ್ಕೆ ಸಹಿ ಹಾಕಿದವು. ಆ ಒಪ್ಪಂದದಿಂದಲೇ ಆರಂಭಿಸಿ, ಒಂದೊಂದು ದಶಕವನ್ನೇ ಹಿಂದಕ್ಕೆ ದಾಟುತ್ತ 1924ಕ್ಕೆ ತಲುಪಿ, ಪ್ರತಿ ಹಂತದಲ್ಲೂ ಕಾಲುವೆಗಳ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ.